ಬೆಂಕಿ ಕಂಡ ಪಾತ್ರೆ

ನನಗೊಂದು ಚಾಳಿ ಇದೆ. ಯಾರ ಮನೆಗೆ ಹೋಗಲಿ, ಕಾಫಿ ಕುಡಿದಾದ ಮೇಲೆ ಲೋಟವನ್ನು ಮೆಲ್ಲಗೆ ತಿರುಗಿಸಿ ಅದರ ಮೇಲೆ ಯಾರ ಹೆಸರು ಹಾಕಿಸಿದ್ದಾರೆಂದು ಓದುತ್ತೇನೆ. ತಟ್ಟೆಯಾದರೆ ಅಂಚು ನೋಡುತ್ತೇನೆ, ಕೊಡವಾದರೆ ಕಂಠ ನೋಡುತ್ತೇನೆ. ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ಕಲಿಸಿದವಳು, ಅಕ್ಷರ ಕಂಡಲ್ಲಿ ಓದುತ್ತಾಳೆ ಎಂದು ಜನ ಸುಮ್ಮನಾಗುತ್ತಾರೆ. ಒಮ್ಮೆ ಚನ್ನಗಿರಿಯಲ್ಲಿ ಪರಿಚಯದವರ ಮನೆಯಲ್ಲಿ ಉಪ್ಪಿಟ್ಟು ತಿಂದು ತಟ್ಟೆ ನೋಡಿದರೆ ಪಕ್ಕದ ಮನೆಯವರ ಹೆಸರಿತ್ತು. ನಾನು ಗಟ್ಟಿಯಾಗಿ ಓದಿಬಿಟ್ಟೆ. ಆ ಪಕ್ಕದ ಮನೆಯಾಕೆ ಅಲ್ಲೇ ಕೂತಿದ್ದರು. ಮುಂದೇನಾಯಿತೆಂದು ಹೇಳುವುದಿಲ್ಲ, ಆ ಮನೆಗೆ ಮತ್ತೆ ನನ್ನನ್ನು ಯಾರೂ ಕರೆದಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಇನ್ನೊಂದಿದೆ. ನಾನು ಮದುವೆಗೆ ಕುಕ್ಕರ್ ಉಡುಗೊರೆ ಕೊಡುವುದಾದರೆ ಹೊಸದನ್ನು ತಂದು ಎಂಟು ದಿನ ನಮ್ಮ ಮನೆಯಲ್ಲಿ ಅನ್ನ ಬೇಳೆ ಬೇಯಿಸಿ, ತೊಳೆದು, ಆಮೇಲೆ ಕೊಡುತ್ತೇನೆ. ಹೋದ ತಿಂಗಳು ಜಗಳೂರಿನಲ್ಲಿ ನಮ್ಮಕ್ಕನ ಮೊಮ್ಮಗಳ ಮದುವೆ. ಹುಡುಗನ ಕಡೆಯ ಹೆಂಗಸೊಬ್ಬಳು ಡಬ್ಬ ತೆಗೆದು, ಒಳಗೆ ಕಂದಿದ ಅಲ್ಯೂಮಿನಿಯಂ ನೋಡಿ, ಪಕ್ಕದವಳ ಕಿವಿಯಲ್ಲಿ "ಟೀಚರಮ್ಮ ಹಳೇ ಕುಕ್ಕರ್ ಸಾಗಹಾಕ್ಯಾಳೆ" ಅಂದಳು. ನನ್ನ ಕಿವಿ ಈ ವಯಸ್ಸಿನಲ್ಲೂ ಚುರುಕು. ನಮ್ಮಕ್ಕ ಶಾಂತಕ್ಕನಿಗೂ ಕೇಳಿಸಿತು. ಸೆರಗನ್ನು ಎಡಗೈಯ ಮೇಲೆ ಸರಿಯಾಗಿ ಎಳೆದುಕೊಂಡು ನನ್ನ ಕಡೆ ನೋಡಿದಳು. ನಮ್ಮಿಬ್ಬರಿಗೂ ಒಂದೇ ನೆನಪು ಬಂದಿತ್ತು.

ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳು ಆಗಿನ್ನೂ ನಮ್ಮ ಕಡೆಯ ಮನೆಗಳಿಗೆ ಒಂದೊಂದಾಗಿ ಕಾಲಿಡುತ್ತಿದ್ದ ಕಾಲ. ನಮ್ಮ ಮನೆ ನ್ಯಾಮತಿಯಲ್ಲಿ. ನಮ್ಮಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದ. ಅವ್ವ ಎರಡು ಎಮ್ಮೆ ಕಟ್ಟಿಕೊಂಡು, ತುಪ್ಪ ಕಾಯಿಸಿ ಮಾರಿ, ನಮ್ಮಿಬ್ಬರನ್ನೂ ಓದಿಸಿದಳು. ಅವ್ವನ ಹೆಸರು ನೀಲಮ್ಮ. ಊರವರಿಗೆ ತುಪ್ಪದ ನೀಲವ್ವ.

ಅವಳು ತುಪ್ಪ ಮಾರುವ ರೀತಿಯೇ ಬೇರೆ. ಸಂತೆಯಲ್ಲಿ ಗಡಿಗೆ ಇಟ್ಟುಕೊಂಡು ಕೂತರೆ, ಬಂದವರು ಕೇಳುವ ಮೊದಲೇ ಬೆರಳ ತುದಿಯಲ್ಲಿ ತುಪ್ಪ ತೆಗೆದು ಅವರ ಮುಂಗೈ ಮೇಲೆ ಸವರುತ್ತಿದ್ದಳು. "ಉಜ್ಜಿ ಮೂಸ್ರಿ" ಅನ್ನುತ್ತಿದ್ದಳು. ಪಕ್ಕದಲ್ಲಿ ಒಂದು ಸಣ್ಣ ಚಿಮಣಿ ದೀಪ ಉರಿಯುತ್ತಿತ್ತು. ಅನುಮಾನ ಇದ್ದವರು ಚಮಚದಲ್ಲಿ ತುಪ್ಪ ಹಿಡಿದು ಅದರ ಮೇಲೆ ಕಾಯಿಸಿ ನೋಡಬಹುದು. ಡಾಲ್ಡಾ ಬೆರೆತಿದ್ದರೆ ವಾಸನೆ ಹೇಳಿಬಿಡುತ್ತದೆ ಎಂದು ಅವಳೇ ಅವರಿಗೆ ಕಲಿಸುತ್ತಿದ್ದಳು. ಯಾವಾಗಲೂ ಕೊಳ್ಳುವವರು "ಬ್ಯಾಡ ಬಿಡು ನೀಲವ್ವ, ನಿನ್ನ ತುಪ್ಪ ಏನ್ ಮೂಸೋದು" ಅಂದರೂ ಬಿಡುತ್ತಿರಲಿಲ್ಲ. "ಮೂಸದೆ ತಗಂಡ್ರೆ ನಾಳೆ ನನ್ನ ಮೇಲೆ ಅನುಮಾನ ಪಟ್ಟಾಗ ನಾನು ಏನು ಹೇಳಲಿ" ಅನ್ನುವುದು ಅವಳ ಮಾತು. ಕೊಳ್ಳುವವರ ಹಕ್ಕು ಅಂತ ನಾನು ಆಮೇಲೆ ಪುಸ್ತಕದಲ್ಲಿ ಓದಿದ್ದನ್ನೆಲ್ಲ ಅವಳು ಆ ಚಿಮಣಿ ದೀಪದಲ್ಲಿ ಇಟ್ಟುಕೊಂಡು ಕೂತಿದ್ದಳು. ಇಷ್ಟು ತಿಳಿದ ಹೆಂಗಸು ತಾನು ಕೊಳ್ಳುವಾಗ ಎಲ್ಲಿ ಎಡವಿದಳೆಂಬುದೇ ನನಗೆ ಇವತ್ತಿಗೂ ಸಂಕಟ. ಎಡವಿಸಿದವಳು ನಾನೂ ಹೌದು.

ಶಾಂತಕ್ಕನ ಮದುವೆ ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಗೊತ್ತಾಯಿತು. ಮಳೆ ನಂಬಿದ ಹೊಲ, ಒಂದಷ್ಟು ಕುರಿ ಇದ್ದ ಗಟ್ಟಿ ಮನೆತನ. ಅತ್ತೆ ಗೌರವ್ವ ಮಾತು ಕಡಿಮೆಯ, ಎದುರಿಗೆ ನಿಂತರೆ ನಮ್ಮ ಸೆರಗು ತಾನಾಗಿ ತಲೆ ಮೇಲೆ ಬರುವಂಥ ಹೆಂಗಸು. ಮಗಳಿಗೆ ಕುಕ್ಕರ್ ಕೊಡಬೇಕೆಂದು ಅವ್ವನಿಗೆ ಆಸೆ. ನಮ್ಮ ಓಣಿಯಲ್ಲೇ ಆಗ ಯಾರ ಮನೆಯಲ್ಲೂ ಕುಕ್ಕರ್ ಕೂಗುತ್ತಿರಲಿಲ್ಲ. ನಾನು ಆಗ ಟಿ.ಸಿ.ಎಚ್. ಓದುತ್ತಿದ್ದೆ. ಮೇಡಂ ಆಗುವ ಮೊದಲೇ ಮೇಡಂ ಗತ್ತು ಬಂದುಬಿಟ್ಟಿತ್ತು. ಕುಕ್ಕರ್ ಅಂದರೆ ಇಂಥ ಕಂಪನಿಯದೇ ಆಗಬೇಕು, ಪೇಪರಿನಲ್ಲಿ ಜಾಹೀರಾತು ನೋಡಿದ್ದೇನೆ ಎಂದು ಅವ್ವನನ್ನು ಹೊನ್ನಾಳಿಗೆ ಕರೆದುಕೊಂಡು ಹೋದೆ.

ಅಲ್ಲಿ ಒಂದು ದೊಡ್ಡ ಪಾತ್ರೆ ಅಂಗಡಿ. ಅಂಗಡಿಯ ಜಗಲಿಯ ಮೂಲೆಯಲ್ಲಿ ಹೆಸರು ಹಾಕುವ ಕಾಸೀಂ ಸಾಹೇಬರು ಕೂರುತ್ತಿದ್ದರು. ಅವರ ಅಪ್ಪ, ಅಜ್ಜ ಎಲ್ಲರೂ ಊರೂರು ತಿರುಗಿ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಸ್ಟೀಲು ಬಂದು ಕಲಾಯಿ ಕೆಲಸ ಹೋಯಿತು. ಅಂಗಡಿಯ ಸಾಹುಕಾರರು ಒಂದು ಕರೆಂಟಿನ ಮೆಷಿನ್ನು ತಂದುಕೊಟ್ಟು ಇವರನ್ನು ಜಗಲಿಯಲ್ಲಿ ಕೂರಿಸಿದ್ದರು. ಜುಂಯ್ ಎಂದು ಸದ್ದು ಮಾಡುವ ಆ ಪೆನ್ನಿನಂಥದ್ದರಲ್ಲಿ ಅವರು ಹೆಸರು ಬರೆಯುವುದನ್ನು ನೋಡಲು ಜನ ಸುತ್ತ ನಿಲ್ಲುತ್ತಿದ್ದರು. ಕನ್ನಡ ಅಕ್ಷರ ಮುದ್ದಾಗಿ ಬರುತ್ತಿತ್ತು. ಕೊನೆಗೆ ಎಲ್ಲದಕ್ಕೂ ಮೂರು ಚುಕ್ಕಿ ಇಡುತ್ತಿದ್ದರು, ಒಲೆಯ ಮೂರು ಗುಂಡು ಇಟ್ಟ ಹಾಗೆ. ಕಲಾಯಿ ಹಾಕುವ ಕಾಲದಲ್ಲಿ ತಮ್ಮ ಕೈಯಿಂದ ಹೋದ ಪಾತ್ರೆಗೆ ಅವರಪ್ಪ ಇಡುತ್ತಿದ್ದ ಗುರುತಂತೆ ಅದು.

ನಾನು ಕೇಳಿದ ಕಂಪನಿಯ ಕುಕ್ಕರನ್ನೇ ಸಾಹುಕಾರರು ಡಬ್ಬದಿಂದ ತೆಗೆದು ತೋರಿಸಿದರು. ದಾವಣಗೆರೆಗಿಂತ ನಮ್ಮಲ್ಲೇ ಅಗ್ಗ ಅಂದರು. "ಬಿಲ್ಲು ಬೇಕಾ ಅಮ್ಮಾ?" ಎಂದು ಕೇಳಿದರು. ಕೇಳಿದ ರೀತಿ ಹೇಗಿತ್ತೆಂದರೆ, ಬೇಕು ಅಂದರೆ ಅವರ ಮುಖಕ್ಕೆ ಹೊಡೆದ ಹಾಗೆ. ಅವ್ವ ನನ್ನ ಮುಖ ನೋಡಿದಳು. ನಾನು, ಓದಿದವಳು, ದೊಡ್ಡ ಮನಸ್ಸಿನಿಂದ "ಬಿಲ್ಲು ಯಾಕೆ ಬಿಡಿ, ನಿಮ್ಮ ಮೇಲೆ ನಂಬಿಕೆ ಇಲ್ವಾ" ಅಂದೆ. ಆ ಮಾತು ನೆನೆದಾಗ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹೆಸರು ಹಾಕಿಸಲು ಜಗಲಿಗೆ ಬಂದೆವು. ಕಾಸೀಂ ಸಾಹೇಬರು ಕುಕ್ಕರನ್ನು ಕೈಗೆ ತೆಗೆದುಕೊಂಡು ಒಮ್ಮೆ ತಿರುಗಿಸಿದರು. ಆಮೇಲೆ ತಲೆ ಎತ್ತದೆಯೇ ಮೆಲ್ಲಗೆ ಹೇಳಿದರು.

"ಅಕ್ಕಾ, ಎಂಟು ದಿನ ಮನೇಲಿ ಅನ್ನ ಮಾಡಿ ನೋಡ್ರಿ. ಆಮೇಲೆ ತರ್ರಿ. ಹೆಸರು ಹಾಕಿ ಕೊಡ್ತೀನಿ."

ಅವ್ವ ನಕ್ಕಳು. "ಇದು ಮಗಳಿಗೆ ಕೊಡೋದು ಸಾಹೇಬ್ರೆ. ಬೆಂಕಿ ಕಂಡ ಪಾತ್ರೆ ಕೊಡಾಕಾಗತ್ತಾ?"

ನಮ್ಮಲ್ಲಿ ಅದೊಂದು ಶಾಸ್ತ್ರ. ಮಗಳಿಗೆ ಕೊಡುವ ಪಾತ್ರೆ ತವರಿನ ಒಲೆ ಹತ್ತಬಾರದು. ಹತ್ತಿದರೆ ಅದು ಬಳಸಿದ ಪಾತ್ರೆ, ಬಳಸಿದ್ದನ್ನು ಕೊಟ್ಟರೆ ಮಗಳನ್ನು ಹಗುರಾಗಿ ಕಂಡ ಹಾಗೆ. ಒಳಗೆ ಸಾಹುಕಾರರು ಕೆಮ್ಮಿದರು. ಕಾಸೀಂ ಸಾಹೇಬರು ಮೆಷಿನ್ನು ಕೈಗೆ ತೆಗೆದುಕೊಂಡರು. ಅಕ್ಷರಕ್ಕಿಷ್ಟು ಎಂದು ದರ ಇದ್ದದ್ದರಿಂದ ಅವ್ವ "ಶಾಂತ" ಅಂತ ಹಾಕಿದರೆ ಸಾಕು ಅಂದಳು. ನಾನು ಒಪ್ಪಲಿಲ್ಲ. "ಚಿ. ಸೌ. ಶಾಂತಳಿಗೆ ತವರಿನ ನೆನಪಿಗಾಗಿ ತಾಯಿ ನೀಲಮ್ಮ ನ್ಯಾಮತಿ" ಎಂದು ಬರೆಸಿದೆ. ಅಷ್ಟು ಉದ್ದದ ಸಾಲು ಕುಕ್ಕರಿನ ಅರ್ಧ ಸುತ್ತು ಬಂತು. ಕೊನೆಗೆ ಮೂರು ಚುಕ್ಕಿ ಬಿತ್ತು.

ಬಿಳಿಚೋಡಿನಲ್ಲಿ ಕುಕ್ಕರು ಒಂದು ವರ್ಷದ ಮೇಲೆ ಗೂಡಿನಲ್ಲೇ ಕೂತಿತ್ತು. ಬಂದವರಿಗೆಲ್ಲ ತೋರಿಸಲು ಅದು, ಅಡಿಗೆಗೆ ಮಡಕೆ. ಸೀಮೆಎಣ್ಣೆ ಸ್ಟೋವ್ ತಂದ ಮೇಲೆ ಒಂದು ದಿನ ಶಾಂತಕ್ಕ ಬೇಳೆ ತುಂಬಿ ಮೊದಲ ಸಲ ಅದನ್ನು ಉರಿಗೆ ಇಟ್ಟಳು. ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಹತ್ತಿರ ಹೋಗಿದ್ದಾಳೆ. ಮುಚ್ಚಳ ಕಿತ್ತು ಹಾರಿತು. ಕುದಿಯುವ ಬೇಳೆ ಅವಳ ಎಡಗೈ, ಕತ್ತು, ಕೆನ್ನೆಯ ಕೆಳಗೆಲ್ಲ ಬಿತ್ತು. ಕಣ್ಣು ಉಳಿದದ್ದೇ ಪುಣ್ಯ ಎಂದು ಜಗಳೂರಿನ ಡಾಕ್ಟರು ಹೇಳಿದರಂತೆ. ಸುದ್ದಿ ತಿಳಿದು ನಾವು ಓಡಿದೆವು. ಅಕ್ಕ ಬಾಳೆ ಎಲೆ ಮೇಲೆ ಮಲಗಿದ್ದಳು. ಅವ್ವ ಅವಳ ಕಾಲು ಹಿಡಿದುಕೊಂಡು ಕೂತಳು, ಮುಟ್ಟಲು ಅದೊಂದೇ ಜಾಗ ಇತ್ತು. ಗೌರವ್ವ ನಮಗೆ ನೀರು ಕೊಟ್ಟರು, ಊಟ ಹಾಕಿದರು, ಮಾತಾಡಲಿಲ್ಲ. ಮೂರನೆಯ ದಿನ ವಾಪಸ್ ಬಂದೆವು.

ಹದಿನೈದು ದಿನಕ್ಕೆ ಭಾವ, ಅಂದರೆ ಶಾಂತಕ್ಕನ ಗಂಡ, ಬಟ್ಟೆಯಲ್ಲಿ ಕುಕ್ಕರನ್ನು ಸುತ್ತಿಕೊಂಡು ನ್ಯಾಮತಿಗೆ ಬಂದರು. ಒಳ್ಳೆಯ ಮನುಷ್ಯ. ತಲೆ ತಗ್ಗಿಸಿಕೊಂಡೇ ಹೇಳಿದರು.

"ಜಗಳೂರಾಗೆ ರಿಪೇರಿ ಮಾಡೋನಿಗೆ ತೋರಿಸ್ದೆ ಅತ್ತೆ. ಇದು ಡೂಪ್ಲಿಕೇಟ್ ಅಂತೆ. ಸೇಫ್ಟಿ ವಾಲ್ವ್ ಅಂತ ಕೂರಿಸಿರೋದು ಬರೀ ತಗಡಿನ ಬಿರಡೆ ಅಂತೆ."

"ಡೂಪ್ಲಿಕೇಟ್ ಅಂದ್ರೆ?" ಅವ್ವ ಕೇಳಿದಳು.

"ಅಸಲಿ ಕಂಪನೀದಲ್ಲ. ಕಡಿಮೆಗೆ ಸಿಗತ್ತೆ ಅಂತ ತಗಂಡಾರೆ ಅಂತ ನಮ್ಮವ್ವ ಅಂತಾಳೆ." ಆಮೇಲೆ ಹೇಳಲೇಬೇಕಾದ್ದನ್ನು ಹೇಳಿದರು. "ತುಪ್ಪದ ಮನೆಯೋರು ಅಂತ ನಂಬಿದ್ವಿ, ಮಗಳಿಗೆ ಕೊಡೋ ಪಾತ್ರೆನೇ ಹಿಂಗಿದ್ರೆ ತುಪ್ಪ ಹೆಂಗಿರತ್ತೋ ಅಂತಾಳೆ. ಈ ಸಲ ಪಂಚಮಿಗೆ ಕಳ್ಸಲ್ಲ ಅಂತ ಹೇಳಾಕೆ ಹೇಳ್ಯಾಳೆ."

ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರದಿದ್ದರೆ ಊರೆಲ್ಲ ಕೇಳುತ್ತದೆ. ಆದರೆ ಅವ್ವನಿಗೆ ತಗುಲಿದ್ದು ತುಪ್ಪದ ಮಾತು. ಎರಡು ಸಂತೆ ಅವಳು ಗಡಿಗೆ ಎತ್ತಲಿಲ್ಲ. ಮೂರನೆಯ ಸಂತೆಗೆ ಹೋದಳು. "ಬ್ಯಾಡ ಬಿಡು ನೀಲವ್ವ" ಅಂದ ಒಬ್ಬರ ಕೈಯನ್ನು ಎಳೆದು ತುಪ್ಪ ಸವರಿ "ಮೂಸ್ರಿ" ಅಂದಳು, ಜಗಳಕ್ಕೆ ನಿಂತವಳ ಹಾಗೆ. ಅವರು ಹೆದರಿ ಮೂಸಿದರು. ಮನೆಗೆ ಬಂದು ಅವ್ವ ಅತ್ತಳು. ಅಪ್ಪ ಹೋದಾಗ ಬಿಟ್ಟರೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕುಕ್ಕರ್ ಎತ್ತಿಕೊಂಡು ನಾನೂ ಅವ್ವನೂ ಹೊನ್ನಾಳಿಯ ಅಂಗಡಿಗೆ ಹೋದೆವು. ಸಾಹುಕಾರರು ಗೋಡೆಯ ಬೋರ್ಡು ತೋರಿಸಿದರು. ಹೆಸರು ಹಾಕಿಸಿದ ಪಾತ್ರೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿ ಬರೆದಿತ್ತು.

"ವಾಪಸ್ ಬ್ಯಾಡ ಸಾಹುಕಾರ್ರೆ. ಇದು ಡೂಪ್ಲಿಕೇಟ್ ಅಂತೆ. ನೀವು ಅಸಲಿ ಅಂತ ಕೊಟ್ರಿ. ಅದನ್ನ ಒಂದು ಚೀಟೀಲಿ ಬರ್ಕೊಡ್ರಿ, ನಾನು ಬೀಗರಿಗೆ ತೋರಿಸ್ಕಂತೀನಿ" ಅಂದಳು ಅವ್ವ.

"ನಮ್ಮ ಅಂಗಡಿದು ಅನ್ನಾಕೆ ಬಿಲ್ಲು ಐತಾ ನಿಮ್ಮತ್ರ?" ಅಂದರು ಅವರು.

"ಹೆಸರು ಹಾಕಿಸಿದ್ದು ಇಲ್ಲೇ, ಅದಕ್ಕೆ ವಾಪಸ್ ಇಲ್ಲ ಅಂದ್ರಿ. ಈಗ ನಿಮ್ಮ ಅಂಗಡಿದೇ ಅಲ್ಲ ಅಂತೀರಿ. ಎರಡರಾಗೆ ಒಂದು ಮಾತು ಹೇಳ್ರಿ."

ಅಂಗಡಿಯಲ್ಲಿದ್ದ ಜನ ನಕ್ಕರು. ಸಾಹುಕಾರರು ನಗಲಿಲ್ಲ. ನಮ್ಮನ್ನು ಹೊರಗೆ ಕಳಿಸಿದರು. ಜಗಲಿಯಲ್ಲಿ ಜುಂಯ್ ಎನ್ನುತ್ತಿದ್ದ ಮೆಷಿನ್ನು ನಿಂತಿತ್ತು. ಕಾಸೀಂ ಸಾಹೇಬರು ಯಾರದೋ ಕೊಡವನ್ನು ಮಡಿಲಲ್ಲಿಟ್ಟುಕೊಂಡು, ಮುಚ್ಚಳ ಕಿತ್ತುಹೋದ ನಮ್ಮ ಕುಕ್ಕರನ್ನೇ ನೋಡುತ್ತಿದ್ದರು. ನಾವು ದಾಟಿ ಬರುವಾಗ ಮುಖ ತಿರುಗಿಸಿಕೊಂಡರು.

ಅಷ್ಟರಲ್ಲಿ ನನಗೆ ಕೆರೆಬಿಳಚಿಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಶಾಲೆಯಲ್ಲೂ ನನಗೆ ಅದೇ ಯೋಚನೆ. ನಮ್ಮ ಹೆಡ್‌ಮಾಸ್ಟರು ಪೇಪರು ಬಿಡದೆ ಓದುವವರು. ಎಲ್ಲ ಕೇಳಿ, "ಈಗ ಹೊಸ ಕಾನೂನು ಬಂದೈತೆ ಮೇಡಂ. ಶಿವಮೊಗ್ಗದಾಗೆ ಗ್ರಾಹಕರ ವೇದಿಕೆ ಅಂತ ಆಗೈತೆ. ವಕೀಲರು ಬ್ಯಾಡ, ಫೀಸು ಬ್ಯಾಡ, ಬಿಳಿ ಹಾಳೇಲಿ ಬರ್ದು ಕೊಟ್ರೆ ಸಾಕು. ಆದ್ರೆ ಆ ಅಂಗಡೀಲೇ ತಗಂಡಿದ್ದು ಅನ್ನಾಕೆ ಏನಾದ್ರೂ ಬೇಕು" ಅಂದರು. ಅವರ ಮನೆಗೆ ಊಟಕ್ಕೆ ಕರೆದರು. ಅವರ ಹೆಂಡತಿಯ ಅಡಿಗೆಮನೆಯಲ್ಲಿ ಅದೇ ಕಂಪನಿಯ ಕುಕ್ಕರು ಕಂಡಿತು. ನಾನು ಕೇಳದೆಯೇ ಎತ್ತಿ ತಿರುಗಿಸಿದೆ. ನನ್ನ ಚಾಳಿ ಶುರುವಾದದ್ದು ಅವತ್ತು. ತಳದಲ್ಲಿ ಕಂಪನಿಯ ಹೆಸರು, ನಂಬರು ಲೋಹದೊಳಕ್ಕೆ ಅಚ್ಚೊತ್ತಿದ್ದವು. ಬೆರಳು ಆಡಿಸಿದರೆ ಗುಂಡಿ ಬಿದ್ದ ಹಾಗೆ ತಾಗುತ್ತಿತ್ತು.

ಶನಿವಾರ ನ್ಯಾಮತಿಗೆ ಬಂದವಳೇ ನಮ್ಮ ಕುಕ್ಕರನ್ನು ತಿರುಗಿಸಿದೆ. ಅದೇ ಇಂಗ್ಲಿಷ್ ಹೆಸರು, ಕೆಳಗೊಂದು ನಂಬರು ಇತ್ತು. ಆದರೆ ಅಚ್ಚೊತ್ತಿದ್ದಲ್ಲ, ಗೀರಿ ಬರೆದದ್ದು. ಒರೆಸಿ ಬೆಳಕಿಗೆ ಹಿಡಿದೆ. ನಂಬರಿನ ಕೊನೆಯಲ್ಲಿ, ಸಾಸಿವೆಗಿಂತ ಸಣ್ಣದಾಗಿ, ಮೂರು ಚುಕ್ಕಿ ಇದ್ದವು. ಅವ್ವನ ಹೆಸರಿದ್ದ ಸಾಲಿನ ಕೊನೆಗೆ ಇದ್ದವೂ ಅವೇ ಮೂರು ಚುಕ್ಕಿ. ಅಭ್ಯಾಸವಾದ ಕೈ ತಾನಾಗಿ ಇಟ್ಟುಬಿಟ್ಟಿತ್ತು.

ನನಗೆ ಸಿಟ್ಟು ಬಂತು. ಅವ್ವನಿಗೆ ತೋರಿಸಿದೆ. ಅವಳು ಓದು ಬಾರದವಳು, ಆದರೆ ಆ ಚುಕ್ಕಿ ಓದಲು ಅಕ್ಷರ ಬೇಕಿರಲಿಲ್ಲ. ಬಹಳ ಹೊತ್ತು ಅದರ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಳು. "ಎಂಟು ದಿನ ಅನ್ನ ಮಾಡ್ರಿ ಅಂದಿದ್ರು ಕಣೆ ಅವರು" ಅಂದಳು.

ಮಾರನೆಯ ದಿನ ಭಾನುವಾರ ಹೊನ್ನಾಳಿಯಲ್ಲಿ ಕಾಸೀಂ ಸಾಹೇಬರ ಮನೆ ಹುಡುಕಿಕೊಂಡು ಹೋದೆವು. ಹೊಳೆ ಕಡೆಯ ಓಣಿಯಲ್ಲಿ ಸಣ್ಣ ಮನೆ. ನಾನು ಬಾಯಿ ತೆರೆಯುವ ಮೊದಲೇ ಅವ್ವ ನನ್ನ ಕೈ ಅದುಮಿದಳು. ಕುಕ್ಕರನ್ನು ಬೋರಲು ಹಾಕಿ ಅವರ ಮುಂದಿಟ್ಟಳು. ಅವರು ನೋಡಿದರು.

"ನನಗೆ ಇಂಗ್ಲಿಷ್ ಬರಲ್ಲ ಅಕ್ಕಾ. ಸಾಹುಕಾರ್ರು ಚೀಟಿ ಕೊಟ್ರು. ಹಿಂಗೇ ಬರಿ ಅಂದ್ರು. ಚಿತ್ರ ಬರ್ದಂಗೆ ಬರ್ದೆ."

"ಏನು ಬರೀತಿದೀನಿ ಅಂತ ಗೊತ್ತಿರ್ಲಿಲ್ವಾ?" ಅವ್ವ ಕೇಳಿದಳು.

ಅವರು ಕುಕ್ಕರನ್ನು ಮತ್ತೆ ನೆಟ್ಟಗೆ ಇಟ್ಟರು. "ಮೊದಲು ಗೊತ್ತಿರ್ಲಿಲ್ಲ. ಆಮೇಲೆ ಗೊತ್ತಾತು. ಗೊತ್ತಾದ ಮೇಲೂ ಬರ್ದೆ. ಆ ಜಗಲಿ ಅವರದು, ಮೆಷಿನ್ನು ಅವರದು. ಎಂಟು ದಿನ ಬಳಸ್ರಿ ಅಂದ್ನಲ್ಲ, ಅಷ್ಟು ಅನ್ನಾಕೆ ಮಾತ್ರ ನನಗೆ ಧೈರ್ಯ ಇತ್ತು."

ಒಳಗಿನಿಂದ ಅವರ ಹೆಂಡತಿ ಚಹಾ ತಂದಿಟ್ಟರು. ಅವ್ವ ಸೆರಗಿನಿಂದ ಬಸಿ ಹಿಡಿದು ಕುಡಿದಳು. ಆಮೇಲೆ ಹೇಳಿದಳು.

"ನಿಮ್ಮ ಅನ್ನ ಹೋಗಲಿ ಅಂತ ನಾನು ಬಂದಿಲ್ಲ ಸಾಹೇಬ್ರೆ. ನನ್ನ ಮಗಳು ಬೆಂದಾಳೆ. ನಾನೇ ಗೊತ್ತಿದ್ದು ಕೊಟ್ಟೆ ಅಂತ ಬೀಗರು ಅಂತಾರೆ. ನಾನು ಸುಳ್ಳು ಕೊಟ್ಟಿಲ್ಲ ಅಂತ ಹೇಳೋರು ನೀವೊಬ್ರೇ ಇರೋದು. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು."

ಅವರು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. ನಾವು ಎದ್ದು ಬಂದೆವು.

ದೂರು ಬರೆದವಳು ನಾನು. ಕನ್ನಡ ಪ್ರಬಂಧಕ್ಕೆ ಬಹುಮಾನ ಪಡೆದ ಕೈ, ಸುಮ್ಮನಿರುತ್ತದೆಯೇ? ಏಳು ಪುಟ ಬರೆದೆ. ಮೊದಲ ಎರಡು ಪುಟ ತಾಯಿ ಮಗಳ ವಾತ್ಸಲ್ಯದ ಬಗ್ಗೆಯೇ ಇತ್ತು, ಕುಕ್ಕರು ಮೂರನೇ ಪುಟದಲ್ಲಿ ಬಂತು. ಹೆಡ್‌ಮಾಸ್ಟರು ಕೆಂಪು ಪೆನ್ನು ತೆಗೆದು ಒಂದೂವರೆ ಪುಟಕ್ಕೆ ಇಳಿಸಿದರು. ಬಸ್ಸಿನಲ್ಲಿ ಅವ್ವ "ಗ್ರಾಹಕರು ಅಂದ್ರೆ ಯಾರೇ?" ಎಂದು ಕೇಳಿದಳು. ಕೊಂಡುಕೊಳ್ಳುವವರು ಅಂದೆ. "ಹಂಗಂದ್ರೆ ನನ್ನ ತುಪ್ಪ ತಗಳ್ಳೋರು" ಅಂದಳು. "ಅಲ್ಲವ್ವಾ, ಇದರಾಗೆ ನೀನೇ ಗ್ರಾಹಕಿ" ಅಂದೆ. ಜೀವಮಾನದಲ್ಲಿ ತನ್ನನ್ನು ಹಾಗೆ ಅವಳು ಎಣಿಸಿಯೇ ಇರಲಿಲ್ಲ.

ಆ ಪಂಚಮಿ ಶಾಂತಕ್ಕ ಇಲ್ಲದೆ ಕಳೆಯಿತು. ಅವ್ವ ಉಂಡೆ ಕಟ್ಟಿದಳು, ನಾವಿಬ್ಬರೂ ತಿನ್ನಲಿಲ್ಲ.

ಶಿವಮೊಗ್ಗದಲ್ಲಿ ವಿಚಾರಣೆಯ ದಿನ ಸಾಹುಕಾರರ ಕಡೆಯ ವಕೀಲರು, ಈ ಹೆಂಗಸು ನಮ್ಮ ಅಂಗಡಿಗೆ ಬಂದೇ ಇಲ್ಲ, ಬಂದಿದ್ದರೂ ಹೆಸರು ಹಾಕಿಸಿದ್ದಾರೆಂದರೆ ಮಾಲನ್ನು ನೋಡಿ ಒಪ್ಪಿದ್ದಾರೆಂದೇ ಅರ್ಥ ಅಂದರು. ಆಗ ಹಿಂದಿನ ಬೆಂಚಿನಿಂದ ಒಬ್ಬರು ಎದ್ದು ನಿಂತರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಟೋಪಿ ಹಾಕಿದ ಕಾಸೀಂ ಸಾಹೇಬರು. ಅವರು ಬಂದಿರುವುದೇ ನಮಗೆ ಗೊತ್ತಿರಲಿಲ್ಲ. ಸಾಹುಕಾರರು ತಿರುಗಿ ನೋಡಿದರು. ಕಾಸೀಂ ಸಾಹೇಬರು ಆ ಕಡೆ ನೋಡಲಿಲ್ಲ.

"ಎರಡೂ ನಾನೇ ಬರ್ದಿದ್ದು ಸ್ವಾಮಿ. ಅಕ್ಕಾರ ಹೆಸರೂ ನನ್ನ ಕೈದು, ಕಂಪನಿ ಹೆಸರೂ ನನ್ನ ಕೈದು. ಅದೇ ಜಗಲೀಲಿ ಕೂತು ಬರ್ದಿದ್ದು" ಅಂದರು. ಅಧ್ಯಕ್ಷರು ಕುಕ್ಕರನ್ನು ತರಿಸಿ ಎರಡೂ ಕಡೆಯ ಚುಕ್ಕಿಗಳನ್ನು ಕನ್ನಡಕ ಏರಿಸಿ ನೋಡಿದರು. ಹೆಸರು ಹಾಕಿದ ಪಾತ್ರೆ ವಾಪಸ್ ಇಲ್ಲ ಎಂದು ಯಾವ ಹೆಸರು ನಮ್ಮ ದಾರಿ ಮುಚ್ಚಿತ್ತೋ ಅದೇ ಹೆಸರು ನಮಗೆ ಬಿಲ್ಲಾಯಿತು.

ಏನು ಪರಿಹಾರ ಬೇಕಮ್ಮ ಎಂದು ಅಧ್ಯಕ್ಷರು ಕೇಳಿದಾಗ ಅವ್ವ ಎದ್ದು ಕೈ ಮುಗಿದಳು. "ಮಗಳಿಗೆ ಸುಟ್ಟಿದ್ದು ನೀವು ವಾಪಸ್ ಕೊಡಾಕಾಗಲ್ಲ. ನಾನು ಗೊತ್ತಿದ್ದು ಮೋಸದ ಪಾತ್ರೆ ಕೊಟ್ಟಿಲ್ಲ ಅಂತ ಒಂದು ಕಾಗದದಾಗೆ ಬರ್ಕೊಡ್ರಿ. ಸಾಕು." ಅಧ್ಯಕ್ಷರು ಬರೆದುಕೊಂಡರು. ಸಾಹುಕಾರರು ತಲೆ ತಗ್ಗಿಸಿದ್ದರು.

ಕೆಲವು ತಿಂಗಳಿಗೆ ಆದೇಶ ಟಪಾಲಿನಲ್ಲಿ ಬಂತು. ಹಣ ಹಿಂದಿರುಗಿಸಬೇಕು, ಔಷಧದ ಖರ್ಚು ಕೊಡಬೇಕು ಎಂದೆಲ್ಲ ಇತ್ತು. ನಡುವೆ ಒಂದು ಸಾಲು ಇತ್ತು. ಅರ್ಜಿದಾರರು ಸದರಿ ಪಾತ್ರೆಯನ್ನು ಅಸಲಿಯೆಂದೇ ನಂಬಿ ಶುದ್ಧ ಮನಸ್ಸಿನಿಂದ ಖರೀದಿಸಿದ್ದಾರೆ ಎಂದು. ಆ ಸಾಲನ್ನು ಅವ್ವ ನನ್ನಿಂದ ಎಷ್ಟು ಸಲ ಓದಿಸಿದಳೋ, ಕೊನೆಗೆ ಅವಳಿಗೆ ಬಾಯಿಪಾಠವಾಯಿತು. ಎಮ್ಮೆ ಹಾಲು ಕರೆಯುತ್ತಾ "ಸದರಿ ಪಾತ್ರೆಯನ್ನು" ಎಂದು ಅನ್ನುತ್ತಿದ್ದಳು. ಸದರಿ ಅಂದರೆ ಅವಳಿಗೂ ಗೊತ್ತಿರಲಿಲ್ಲ, ಎಮ್ಮೆಗೂ ಗೊತ್ತಿರಲಿಲ್ಲ.

ಬಂದ ದುಡ್ಡಿಗೆ ದಾವಣಗೆರೆಯಲ್ಲಿ ಬಿಲ್ಲು ಸಮೇತ ಹೊಸ ಕುಕ್ಕರ್ ತಂದೆವು. ಅಚ್ಚೊತ್ತಿದ್ದನ್ನು ನಾನು ಬೆರಳಾಡಿಸಿಯೇ ತಂದೆ. ಹೆಸರು ಹಾಕಿಸಲು ಹೊನ್ನಾಳಿಗೆ ಹೋದರೆ ಆ ಜಗಲಿಯಲ್ಲಿ ಬೇರೊಬ್ಬ ಕೂತಿದ್ದ. ಕಾಸೀಂ ಸಾಹೇಬರು ಬಸ್ ಸ್ಟ್ಯಾಂಡಿನ ಗೋಡೆಯ ಪಕ್ಕ ಗೋಣಿತಟ್ಟು ಹಾಸಿಕೊಂಡಿದ್ದರು. ಮೆಷಿನ್ನು ಇಲ್ಲ, ಹಳೆಯ ಉಳಿ, ಸಣ್ಣ ಸುತ್ತಿಗೆ ಇದ್ದವು. ಈ ಸಲ ಅವ್ವ ಉದ್ದದ ಸಾಲು ಬೇಡ ಅಂದಳು. "ಶಾಂತ" ಎಂದು ಅವರು ಒಂದೊಂದೇ ಏಟು ಹಾಕಿ ಬರೆದರು. ಬರೆದು, ಊದಿ, ಕೊಟ್ಟುಬಿಟ್ಟರು.

"ಚುಕ್ಕಿ ಬಿಟ್ರಲ್ಲ?" ಅಂದಳು ಅವ್ವ.

"ಅದು ಸುಳ್ಳಿನ ಮೇಲೂ ಬಿದ್ದೈತೆ ಅಕ್ಕಾ. ನಮ್ಮಪ್ಪನ ಗುರುತು. ಇನ್ನು ಯಾವುದಕ್ಕೂ ಹಾಕಲ್ಲ."

"ನನ್ನ ಮಾತು ಉಳಿಸಿದ್ದು ಅದೇ ಸಾಹೇಬ್ರೆ. ಹಾಕ್ರಿ."

ಅವರು ಉಳಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದರು. ಆಮೇಲೆ ಮೂರು ಏಟು ಹಾಕಿದರು. ದುಡ್ಡು ಬೇಡವೆಂದರು, ಅವ್ವ ಕೇಳಲಿಲ್ಲ. ಅವತ್ತು ಮನೆಗೆ ಬಂದವಳೇ ಅವ್ವ ಕಟ್ಟಿಗೆ ಒಲೆ ಹೊತ್ತಿಸಿ, ಆ ಕುಕ್ಕರಿನಲ್ಲಿ ಅಕ್ಕಿ ಇಟ್ಟಳು. ನಾನು "ಅವ್ವಾ, ಅದು ಅಕ್ಕಂಗೆ ಕೊಡೋದು" ಅಂದೆ. "ನೀನು ಆ ಕಡೆ ಹೋಗು" ಅಂದಳು. ಎಂಟು ದಿನ ಅವಳೇ ಇಟ್ಟಳು, ಅವಳೇ ಇಳಿಸಿದಳು. ಕೂಗುವವರೆಗೂ ನನ್ನನ್ನು ಅಡಿಗೆಮನೆಯ ಹೊಸಿಲು ದಾಟಲು ಬಿಡಲಿಲ್ಲ.

ಪಂಚಮಿಗೆ ವಾರ ಇರುವಾಗ ಬಿಳಿಚೋಡಿಗೆ ಹೋದೆವು. ಆದೇಶದ ಕಾಗದವನ್ನು ಅವ್ವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸೀರೆಯ ಮಡಿಕೆಯಲ್ಲಿಟ್ಟು, ಚೀಲದ ತಳಕ್ಕೆ ಸೇರಿಸಿದ್ದಳು. ಆ ಸಾಲು ಎಲ್ಲಿದೆಯೆಂದು ನಾನು ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದೆ. ಊರಿನ ಹಿರಿಯರೊಬ್ಬರನ್ನು ಕರೆಸಿ ಎಲ್ಲರ ಮುಂದೆ ಓದಿಸಬೇಕೆಂಬುದು ಅವಳ ಲೆಕ್ಕಾಚಾರ. ದಾರಿಯುದ್ದಕ್ಕೂ ಅವಳ ತುಟಿ ಅಲ್ಲಾಡುತ್ತಿತ್ತು.

ಗೌರವ್ವ ಪಡಸಾಲೆಯಲ್ಲಿ ಕೂತಿದ್ದರು. ಶಾಂತಕ್ಕ ಒಳಬಾಗಿಲಲ್ಲಿ ನಿಂತಿದ್ದಳು. ಕತ್ತಿನ ಕಲೆ ಆಗಲೇ ಬೆಳ್ಳಗಾಗುತ್ತಿತ್ತು. ಅವ್ವ ಕುಕ್ಕರನ್ನು ಗೌರವ್ವನ ಮುಂದಿಟ್ಟಳು. ಅವರು ಅದನ್ನು ಎತ್ತಿ ತಿರುಗಿಸಿದರು. ತೊಳೆದರೂ ಹೋಗದ ಮಸಿ ತಳದಲ್ಲಿತ್ತು. ಬೆರಳಿನಿಂದ ಒಂದು ಗೆರೆ ಎಳೆದು, ಕಪ್ಪಾದ ಬೆರಳನ್ನು ನೋಡಿಕೊಂಡರು.

"ಬೆಂಕಿ ಕಂಡೈತೆ ಇದು" ಅಂದರು.

"ಹೂಂ ಬೀಗ್ರೆ. ಎಂಟು ದಿನ ನಮ್ಮನೇಲಿ ಅನ್ನ ಬೇಯಿಸೈತೆ. ಒಡೆಯೋದಿದ್ರೆ ನನ್ನ ಮೈ ಮೇಲೆ ಒಡೀಲಿ ಅಂತ ನಾನೇ ಮುಂದೆ ಕುಂತು ಬೇಯಿಸೀನಿ."

ಶಾಂತಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗೌರವ್ವ ಅವ್ವನ ಮುಖವನ್ನೇ ನೋಡಿದರು. ಆ ಮನೆಗೆ ನಾವು ಎಷ್ಟೋ ಸಲ ಹೋಗಿದ್ದೆವು, ಅವರು ಅವ್ವನನ್ನು ಹಾಗೆ ನೋಡಿದ್ದು ಅದೇ ಮೊದಲು. ಅವ್ವ ಚೀಲಕ್ಕೆ ಕೈ ಹಾಕಿ, ಸೀರೆಯ ಮಡಿಕೆಯಲ್ಲಿ ಕಾಗದ ತಡಕಾಡುತ್ತಿದ್ದಳು.

ಗೌರವ್ವ ಎದ್ದರು. ಕುಕ್ಕರನ್ನು ತಾವೇ ಎತ್ತಿಕೊಂಡು ಒಲೆಯ ಕಡೆ ನಡೆದರು. ಒಳಗಿನಿಂದ ಅವರ ದನಿ ಕೇಳಿತು.

"ಶಾಂತಾ, ಎರಡು ಸೀರೆ ಮಡಚಿ ಇಟ್ಕ. ನಿಮ್ಮವ್ವನ ಜೊತೆಗೇ ಹೊರಡುವಂತೆ. ಬೀಗರಿಗೆ ಅನ್ನಕ್ಕೆ ಇದರಾಗೇ ಇಡ್ತೀನಿ."

ಅವ್ವನ ಕೈ ಚೀಲದೊಳಗೇ ನಿಂತಿತು. ಆಮೇಲೆ ಬರಿಗೈಯನ್ನೇ ಹೊರಗೆ ತೆಗೆದಳು.